ಈಟಿ ಗೇಮಿನ ಎರಡನೇ ಭಾಗ

ನನ್ನ ಟೈಲರಿಂಗ್ ಅಂಗಡಿಯ ಮೇಜಿನ ಮೇಲೆ ಒಂದು ಬೂದು ಬಣ್ಣದ ಪ್ಲಾಸ್ಟಿಕ್ ಡಬ್ಬಿ ಇರುತ್ತದೆ. ಫ್ಯಾನ್ ಹಾಕಿದಾಗ ಅಳತೆಯ ಕಾಗದ ಹಾರಿಹೋಗದಿರಲಿ ಎಂದು ಅದನ್ನು ಮೇಲಿಡುತ್ತೇನೆ. ಡಬ್ಬಿಗೆ ಅಂಥ ತೂಕವೇನಿಲ್ಲ, ಕಾಗದ ಹೇಗೂ ಹಾರುತ್ತದೆ. ಆದರೂ ಇಡುತ್ತೇನೆ. ಮೊನ್ನೆ ಬ್ಲೌಸಿನ ಅಳತೆ ಕೊಡಲು ಬಂದ ಕಾಲೇಜು ಹುಡುಗಿಯೊಬ್ಬಳು ಅದನ್ನೆತ್ತಿ ತಿರುಗಿಸಿ ನೋಡಿದಳು.

"ಆಂಟಿ, ಇದು ಹಳೇ ವಿಡಿಯೋ ಗೇಮ್ ಕ್ಯಾಸೆಟ್ ಅಲ್ವಾ? ಯಾವ ಗೇಮು?"

"ಈಟಿ ಗೇಮು."

"ಎಷ್ಟನೇ ಪಾರ್ಟು?"

"ಮೊದಲನೇದು."

"ಹಾಗಾದ್ರೆ ಸೆಕೆಂಡ್ ಪಾರ್ಟ್ ಇದೆಯಾ?"

ಅವಳ ತೋಳಿಗೆ ಟೇಪು ಸುತ್ತಿದ್ದವಳು ಹಾಗೇ ನಿಂತುಬಿಟ್ಟೆ. ನಮ್ಮ ಸುಂಟಿಕೊಪ್ಪದಲ್ಲಿ ಜೋರಾಗಿ ಕೇಳಬಾರದ ಪ್ರಶ್ನೆ ಇದೊಂದೇ. ಎದುರಿನ ಬೇಕರಿಯಲ್ಲಿ ಅದರ ಮಾಲೀಕ ನಜೀರ್ ಕೂತಿದ್ದ. ಅವನ ಕಿವಿಗೆ ಬಿದ್ದಿದ್ದರೆ ಹುಡುಗಿಗೆ ಸಂಜೆಯ ಬಸ್ಸು ತಪ್ಪುವುದು ಖಂಡಿತವಾಗಿತ್ತು. "ಇದೆ ಅಂತಾರೆ" ಎಂದು ಮೆಲ್ಲಗೆ ಹೇಳಿ ಟೇಪು ಬಿಗಿ ಮಾಡಿದೆ.

ಹುಡುಗಿ ತಿಳಿದವಳು. ನಿಂತಲ್ಲೇ ನನಗೆ ಪಾಠ ಮಾಡಿದಳು. ಕಥೆ ಮುಂದುವರಿದರೆ ಅದು ಸೀಕ್ವೆಲ್ಲಂತೆ. ಒಂದೇ ಹೆಸರಿನಲ್ಲಿ ಆಟ, ಸಿನಿಮಾ, ಟೀ ಶರ್ಟು, ನೀರಿನ ಬಾಟಲಿ ಎಲ್ಲ ಬಂದರೆ ಅದು ಫ್ರಾಂಚೈಸಿಯಂತೆ. ಹಳೆಯದನ್ನೇ ಉಜ್ಜಿ ಹೊಳಪು ಬರಿಸಿ ಮಾರಿದರೆ ರೀಮಾಸ್ಟರ್. ಹಿಂದಿನದು ಏನೂ ನಡೆದೇ ಇಲ್ಲ ಎಂದುಕೊಂಡು ಮೊದಲಿನಿಂದ ಶುರು ಮಾಡಿದರೆ ರೀಬೂಟ್. ನಾನು ಹೂಂಗುಟ್ಟುತ್ತಾ ಅಳತೆ ಬರೆದುಕೊಂಡೆ. ಸವೆದ ಕಾಲರನ್ನು ಬಿಚ್ಚಿ, ಒಳಮಗ್ಗುಲನ್ನು ಹೊರಗೆ ಮಾಡಿ ಹೊಲಿದುಕೊಡುವುದು ನನ್ನ ನಿತ್ಯದ ಕೆಲಸ. ಅದಕ್ಕೆ ರೀಮಾಸ್ಟರ್ ಎಂಬ ಹೆಸರಿದೆ ಎಂದು ಮೊದಲೇ ಗೊತ್ತಿದ್ದರೆ ಕೂಲಿ ಜಾಸ್ತಿ ಕೇಳಬಹುದಿತ್ತು. ರೀಬೂಟ್ ಕೂಡ ಗೊತ್ತು. ಅಳತೆ ತಪ್ಪಿ ಹಾಳಾದ ಬ್ಲೌಸನ್ನು ಗಿರಾಕಿಯ ಕಣ್ಣಿಗೆ ಬೀಳದಂತೆ ಗಂಟು ಕಟ್ಟಿಟ್ಟು, ಅದೇ ಬಣ್ಣದ ಬಟ್ಟೆ ಹುಡುಕಿಕೊಂಡು ಕುಶಾಲನಗರಕ್ಕೆ ಓಡುವುದು. ಹೊಲಿಗೆಯವರೆಲ್ಲರೂ ಮಾಡುತ್ತಾರೆ, ಯಾರೂ ಹೇಳುವುದಿಲ್ಲ.

ಡಬ್ಬಿ ನನ್ನ ತಮ್ಮ ಮಂಜನದು. ಅವನು ಸತ್ತು ಒಂದು ವರ್ಷ ದಾಟಿತು. ಜನ "ತೀರಿಕೊಂಡ" ಎನ್ನುತ್ತಾರೆ, "ಹೋದ" ಎನ್ನುತ್ತಾರೆ. ನಾನು ಹೆಚ್ಚು ಓದಿದವಳಲ್ಲ, ಇದ್ದದ್ದನ್ನು ಇದ್ದ ಹಾಗೆ ಬರೆದರೆ ಕೈಗೆ ಸುಲಭ.

ನಮ್ಮ ತವರು ಕುಶಾಲನಗರದ ಹತ್ತಿರದ ಒಂದು ಊರು. ತಾತ ಅರಕಲಗೂಡು ಕಡೆಯಿಂದ ಬಂದು ಇಲ್ಲಿ ಜಮೀನು ಮಾಡಿದವರು. ಮೂರು ತಲೆಮಾರು ಕಳೆದರೂ ಕೊಡಗಿನವರಿಗೆ ನಾವು "ಆ ಕಡೆಯವರು", ಅರಕಲಗೂಡಿನ ನೆಂಟರಿಗೆ "ಕೊಡಗಿನವರು". ನಾನೂ ಮಂಜನೂ ಹೈಸ್ಕೂಲಿಗೆ ಬಸ್ಸಿನಲ್ಲಿ ಸುಂಟಿಕೊಪ್ಪಕ್ಕೆ ಬರುತ್ತಿದ್ದೆವು. ನಾನು ಅವನಿಗಿಂತ ಎರಡು ತರಗತಿ ಮುಂದೆ. ಅವನ ಕ್ಲಾಸಿನಲ್ಲಿ ಬೇಕರಿಯವರ ಮಗ ನಜೀರ್ ಇದ್ದ, ಬೋಪಣ್ಣನೂ ಇದ್ದ. ಬೋಪಣ್ಣನ ಮನೆತನ ಬಾಳೆಲೆ ಕಡೆಯದು. ಅವನಪ್ಪ ಸುಂಟಿಕೊಪ್ಪದ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ನಜೀರನ ಮಾವ ದುಬೈಯಿಂದ ವಿಡಿಯೋ ಗೇಮ್ ಸೆಟ್ಟು ತಂದರು. ಅದರ ಜೊತೆ ಬಂದ ಕ್ಯಾಸೆಟ್ಟೇ ಇದು. ಇಂಗ್ಲಿಷಿನಲ್ಲಿ ಉದ್ದನೆಯ ಹೆಸರಿತ್ತು. ಅದನ್ನು ಸರಿಯಾಗಿ ಓದುವವರು ನಮ್ಮಲ್ಲಿ ಯಾರೂ ಇಲ್ಲದ್ದರಿಂದ ಈಟಿ ಗೇಮ್ ಎಂದಾಯಿತು.

ಬರಿಗಾಲಿನ ಒಬ್ಬ ಮನುಷ್ಯ ಈಟಿ ಹಿಡಿದು ಕಾಡಿನಲ್ಲಿ ಓಡುತ್ತಾನೆ. ಅವನ ನಾಯಿಯನ್ನು ಯಾರೋ ಕದ್ದೊಯ್ದಿದ್ದಾರೆ. ಹಳ್ಳ, ಹಾವು, ಉರುಳುವ ಬಂಡೆ ಎಲ್ಲವನ್ನೂ ದಾಟಿ ನಾಯಿಯನ್ನು ಬಿಡಿಸಿಕೊಂಡು ಬರಬೇಕು. ಇಷ್ಟೇ ಕಥೆ. ಎರಡು ರಿಮೋಟು ಇದ್ದವು, ಆದರೆ ಇಬ್ಬರೂ ಒಟ್ಟಿಗೆ ಆಡುವ ಹಾಗಿರಲಿಲ್ಲ. ಮೊದಲನೆಯವನು ಸತ್ತ ಮೇಲೆ ಎರಡನೆಯವನ ಸರದಿ. ಹಾಗಾಗಿ ನಜೀರನ ಮನೆಯ ಹಾಲಿನಲ್ಲಿ ಭಾನುವಾರವಿಡೀ ಒಂದೇ ಮಾತು ಕೇಳುತ್ತಿತ್ತು. "ಸಾಯೋ! ಬೇಗ ಸಾಯೋ! ಇನ್ನೂ ಸಾಯ್ಲಿಲ್ವಾ ನೀನು?" ಒಳಗೆ ಅಕ್ಕಿ ರೊಟ್ಟಿಯಂಥ ಪತ್ತಿರಿ ತಟ್ಟುತ್ತಿದ್ದ ನಜೀರನ ಉಮ್ಮ ಅಲ್ಲಿಂದಲೇ ಕೂಗುತ್ತಿದ್ದರು. "ಎಂತ ಮಕ್ಕಳೇ ಇದು! ಒಳ್ಳೆ ಮಾತೇ ಇಲ್ವಾ ನಿಮ್ಮ ಬಾಯಲ್ಲಿ?"

ಮಂಜ ಮಾತ್ರ ಸಾಯುತ್ತಲೇ ಇರಲಿಲ್ಲ. ಅವನಿಗೆ ದೀರ್ಘಾಯುಷ್ಯ ಇದ್ದದ್ದು ಆ ಆಟದಲ್ಲಿ ಮಾತ್ರ. ಕೊನೆಗೂ ನನ್ನ ಸರದಿ ಬರುತ್ತಿತ್ತು. ರಿಮೋಟನ್ನು ಎರಡೂ ಕೈಯಲ್ಲಿ ಹಿಡಿದು, ಸೆರಗು ಸಿಕ್ಕಿಸಿಕೊಂಡ ಹಾಗೆ ದುಪಟ್ಟಾ ಸಿಕ್ಕಿಸಿಕೊಂಡು ಕೂರುತ್ತಿದ್ದೆ. ಮೊದಲನೇ ಹಳ್ಳಕ್ಕೇ ಬೀಳುತ್ತಿದ್ದೆ. ಆಟದ ಮನುಷ್ಯ ಹಾರುವಾಗ ನಾನೂ ಕೂತಲ್ಲಿಂದ ಹಾರುತ್ತಿದ್ದೆ ಎಂದು ಬೋಪಣ್ಣ ಈಗಲೂ ಆಡಿಕೊಳ್ಳುತ್ತಾನೆ. ನಾನು ಹಾರುತ್ತಿದ್ದೆ, ಅವನು ಹಾರುತ್ತಿರಲಿಲ್ಲ, ತೊಂದರೆ ಅಷ್ಟೇ.

ನನಗೆ ಸುಂಟಿಕೊಪ್ಪಕ್ಕೇ ಮದುವೆಯಾಯಿತು. ಮಂಜ ಪಿಯುಸಿಯಲ್ಲಿ ಎರಡು ಸಲ ಫೇಲಾಗಿ ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ವಿಡಿಯೋ ಗೇಮ್ ಪಾರ್ಲರ್ ತೆರೆದ. ನಜೀರ್ ಕೊಟ್ಟ ಹಳೇ ಸೆಟ್ಟು, ಕ್ಯಾಸೆಟ್ಟು, ಎರಡು ಟಿವಿ, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಕಿಟಕಿಗೆ ನಾನು ಹೊಲಿದುಕೊಟ್ಟ ಕಪ್ಪು ಪರದೆ. ಹೆಣ್ಣು ಕೇಳಲು ಹೋದ ಕಡೆಯಲ್ಲೆಲ್ಲ "ಹುಡುಗನಿಗೆ ಏನು ಕೆಲಸ?" ಎಂದರೆ ಅವ್ವ "ಟಿವಿ ಅಂಗಡಿ" ಎನ್ನುತ್ತಿದ್ದಳು. ಅವರು ಬಂದು ನೋಡಿ ಹೋದ ಮೇಲೆ ಉತ್ತರ ಬರುತ್ತಿರಲಿಲ್ಲ. ಮದುವೆ ಕೊನೆಗೂ ಆಗಲಿಲ್ಲ.

ಫ್ರಾಂಚೈಸಿ ಎಂದರೆ ಏನೆಂದು ದೊಡ್ಡ ಕಂಪನಿಗಳಿಗಿಂತ ಮೊದಲೇ ಮಂಜನಿಗೆ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ. ಈಟಿ ಗೇಮ್ ಆಡಿ ಆಡಿ ಊರಿನ ಹುಡುಗರಿಗೆ ಬೇಸರ ಬಂದು ಕುರ್ಚಿಗಳು ಖಾಲಿಯಾದಾಗ, ಅವನು ಒಂದು ಬೇಸಿಗೆಯಲ್ಲಿ ಟಿವಿಯ ಬಣ್ಣದ ಗುಂಡಿ ತಿರುಗಿಸಿ ಕಾಡನ್ನೆಲ್ಲ ಕೆಂಪು ಮಾಡಿದ. "ಈಟಿ ಗೇಮ್ ಭಾಗ ಎರಡು, ಮರುಭೂಮಿ" ಎಂದು ರಟ್ಟಿನ ಮೇಲೆ ಬರೆದು ಬಾಗಿಲಿಗೆ ನೇತುಹಾಕಿದ. ಹುಡುಗರು ಮುಗಿಬಿದ್ದರು. ಎಲ್ಲರಿಗಿಂತ ಮುಂದೆ ಕೂತವನು ನಜೀರ್. ಆಗಲೇ ಬೇಕರಿಯಲ್ಲಿ ಕೂರುತ್ತಿದ್ದ ಗಂಡಸು, ರಜೆ ಮುಗಿಯುವವರೆಗೂ ಅಲ್ಲೇ ಬಿದ್ದಿದ್ದು "ಮರುಭೂಮೀಲಿ ಆಡೋದು ಭಾರೀ ಕಷ್ಟ ಮಾರಾಯ, ಕಾಲು ಹೂತುಹೋಗ್ತದೆ" ಎಂದು ಎಲ್ಲರಿಗೂ ವಿವರಿಸುತ್ತಿದ್ದ. ಅದು ಅದೇ ಹಳ್ಳ, ಅದೇ ಹಾವು. ಮಳೆಗಾಲಕ್ಕೆ ಮಂಜ ನೀಲಿ ಮಾಡಿದ. ಸಮುದ್ರದ ಅಡಿ, ಭಾಗ ಮೂರು. ನಜೀರ್ ಉಸಿರು ಬಿಗಿಹಿಡಿದು ಆಡಿದ.

ಈಗ ನೋಡಿದರೆ ಪ್ರಪಂಚವೇ ಮಂಜನ ಕೋಣೆಯಾಗಿದೆ. ಚೆಂಡಾಟದ ಗೇಮಿನಲ್ಲಿ ಪ್ರತಿ ವರ್ಷ ಆಟಗಾರರ ಅಂಗಿ ಬದಲಿಸಿ, ಹಿಂದೊಂದು ಹೊಸ ನಂಬರ್ ಹಚ್ಚಿ ಮಾರುತ್ತಾರಂತೆ. ಜನ ರಾತ್ರಿಯಿಡೀ ಸಾಲು ನಿಂತು ಕೊಳ್ಳುತ್ತಾರಂತೆ. ಅಂಗಿ ಬದಲಿಸುವುದಕ್ಕೆ ಅಷ್ಟು ದುಡ್ಡು ಸಿಗುವುದಾದರೆ ನನಗೂ ಹೇಳಿಕಳಿಸಬಹುದಿತ್ತು. ಇಲ್ಲಿಯೂ ಕಡಿಮೆಯೇನಿಲ್ಲ. ಮಡಿಕೇರಿ ರಸ್ತೆಯಲ್ಲಿ ಹೋದರೆ ಎಡಕ್ಕೊಂದು ಬಲಕ್ಕೊಂದು ಮಂಜಿನ ಹೆಸರಿನ, ಕಣಿವೆಯ ಹೆಸರಿನ ಹೋಮ್‌ಸ್ಟೇ. ಒಂದರೊಳಗೆ ಮಲಗಿದವನನ್ನು ಇನ್ನೊಂದರೊಳಗೆ ಎಬ್ಬಿಸಿದರೆ ಅವನಿಗೆ ಗೊತ್ತೂ ಆಗುವುದಿಲ್ಲ. ಚುನಾವಣೆಯಲ್ಲಂತೂ ಅಪ್ಪನ ಫೋಟೋ ಹಿಡಿದು ಮಗ ಬರುತ್ತಾನೆ. ಕಥೆ ಮುಂದುವರಿಯುವುದಿಲ್ಲ, ರಸ್ತೆಯ ಗುಂಡಿಗಳು ಮುಂದುವರಿಯುತ್ತವೆ.

ಇರಲಿ. ನಿಜವಾದ ಜಗಳಕ್ಕೆ ಬರುತ್ತೇನೆ.

ಕೆಲವು ವರ್ಷ ಕಳೆದ ಮೇಲೆ ಈಟಿ ಗೇಮಿಗೆ ನಿಜವಾಗಿಯೂ ಎರಡನೇ ಭಾಗ ಬಂತು. ಒಂದಲ್ಲ, ಎರಡು ಎರಡನೇ ಭಾಗ. ಒಂದು ನಜೀರನಿಗೆ ಮೈಸೂರಿನಲ್ಲಿ ಸಿಕ್ಕಿತು. ಡಬ್ಬಿಯ ಮೇಲೆ ಅದೇ ಉದ್ದನೆಯ ಹೆಸರು, ಪಕ್ಕದಲ್ಲಿ ದಪ್ಪಗೆ ಎರಡು ಎಂಬ ಅಂಕಿ. ಒಳಗೆ ಮಾತ್ರ ಕೋಟು ತೊಟ್ಟವನೊಬ್ಬ ಪಿಸ್ತೂಲು ಹಿಡಿದು ಪಟ್ಟಣದಲ್ಲಿ ಓಡುತ್ತಾನೆ. ಈಟಿಯಿಲ್ಲ, ಕಾಡಿಲ್ಲ, ನಾಯಿಯಿಲ್ಲ. ಇನ್ನೊಂದನ್ನು ಬೋಪಣ್ಣ ಬೆಂಗಳೂರಿನಿಂದ ತಂದ. ಅದರ ಹೆಸರೇ ಬೇರೆ. ಆದರೆ ಒಳಗೆ ಗಡ್ಡ ನರೆತ ಒಬ್ಬ ಮುದುಕ, ಬರಿಗಾಲು, ಕೈಯಲ್ಲೊಂದು ಕೋಲು. ಪಕ್ಕದಲ್ಲಿ ಒಂದು ನಾಯಿ.

ಅಂದಿನಿಂದ ಆ ಕೋಣೆಯಲ್ಲಿ ಯಾರೂ ನೆಮ್ಮದಿಯಾಗಿ ಆಡಲಿಲ್ಲ. ಗೋಡೆಯ ಈಚೆ ಹೊಲಿಗೆ ಯಂತ್ರ ತುಳಿಯುತ್ತಾ ನಾನು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ.

"ಹೆಸರು ಅದೇ, ನಂಬರ್ ಎರಡು. ಡಬ್ಬಿ ಮೇಲೆ ಅಚ್ಚಾಗಿದೆ. ಇನ್ನೆಂತ ಬೇಕು ನಿಂಗೆ?" ಇದು ನಜೀರ್.

"ಈಟಿ ಗೇಮಲ್ಲಿ ಈಟಿ ಎಲ್ಲಿ ಮಾರಾಯ? ಕೋಟ್ ಹಾಕ್ಕೊಂಡು ಸಿಟೀಲಿ ಓಡ್ತಾನೆ. ಯಾರವ್ನು? ಅವ್ನ ಮನೆ ಯಾವುದು?" ಇದು ಬೋಪಣ್ಣ.

"ಅವ್ನಿಗೆ ಟ್ರಾನ್ಸ್‌ಫರ್ ಆಗಿದೆ."

"ಹಾಗಾದ್ರೆ ನಾಯಿ?"

"ಸಿಟೀಲಿ ನಾಯಿ ಸಾಕ್ಲಿಕ್ಕೆ ಮನೆ ಓನರ್ ಬಿಡೋದಿಲ್ಲ."

"ನೋಡು, ನಂದ್ರಲ್ಲಿ ಮುದುಕನ ಕೈಲಿ ಇರೋ ಕೋಲು ಆ ಈಟೀದೇ ಹಿಡಿ. ಮೊನೆ ಮುರಿದಿದೆ. ಕಣ್ಣಿದ್ದವರಿಗೆ ಕಾಣ್ತದೆ. ಮಾಡಿದವರೂ ಅವರೇ. ಆಟ ಮುಗಿದ ಮೇಲೆ ಹೆಸರು ಬರ್ತದಲ್ಲ, ಒಂದೊಂದೇ ಕೂತು ಓದಿದ್ದೇನೆ. ಕಂಪನಿ ಅವರನ್ನ ಹೊರಗೆ ಹಾಕಿ ಹೆಸರು ಇಟ್ಕೊಂಡ್ತು, ಅಷ್ಟೇ."

"ಹೆಸರಿಲ್ಲದ ಮೇಲೆ ಎಂತ ಇದ್ದು ಎಂತ ಪ್ರಯೋಜನ?"

ಇಬ್ಬರೂ ಹಟ ಹಿಡಿದದ್ದು ಸುಮ್ಮನೆ ಅಲ್ಲ. ನಜೀರನ ಅಪ್ಪ ಸತ್ತ ಮೇಲೆ ಅಣ್ಣ ತಮ್ಮ ಬೇಕರಿ ಪಾಲು ಮಾಡಿಕೊಂಡರು. ನಜೀರನಿಗೆ ಅಂಗಡಿಯ ಹೆಸರೂ ಬೋರ್ಡೂ ಬಂತು. ಅಣ್ಣನಿಗೆ ಒಲೆಯೂ ಬನ್ನು ಮಾಡುವ ಹಳೇ ಆಳೂ ಹೋದರು. ಅಣ್ಣ ಬಸ್‌ಸ್ಟ್ಯಾಂಡಿನ ಹತ್ತಿರ ಬೇರೆ ಹೆಸರಿನಲ್ಲಿ ಅಂಗಡಿ ಇಟ್ಟ. ಊರಿನವರು ಬನ್ನಿಗೆ ಅಲ್ಲಿಗೆ ಹೋಗುತ್ತಾರೆ, ವಿಳಾಸ ಹೇಳುವಾಗ ಮಾತ್ರ ನಜೀರನ ಬೋರ್ಡು ಬಳಸುತ್ತಾರೆ. ಅಂಥವನು ಹೆಸರೇ ಮುಖ್ಯ ಎನ್ನದೆ ಇನ್ನೇನು ಅಂದಾನು? ಬೋಪಣ್ಣನ ಅಪ್ಪ ದುಡಿದ ಎಸ್ಟೇಟು ಕೈಯಿಂದ ಕೈಗೆ ಮಾರಾಟವಾಯಿತು. ಗೇಟಿನ ಮೇಲಿನ ಹೆಸರು ಹಾಗೇ ಉಳಿಯಿತು. ನೆರಳಿನ ಮರ ಕಡಿದರು, ಲೈನು ಮನೆಗಳಲ್ಲಿದ್ದ ಕೆಲಸದವರನ್ನು ಕಳಿಸಿದರು, ರೈಟರನ್ನೂ ಕಳಿಸಿದರು. ಆ ಗೇಟಿನ ಮುಂದೆ ಬಸ್ಸು ಹೋದಾಗಲೆಲ್ಲ ಬೋಪಣ್ಣನ ಅಪ್ಪ ಮುಖ ಆಚೆ ತಿರುಗಿಸುತ್ತಿದ್ದರಂತೆ. ಬೋಪಣ್ಣನಿಗೆ ಹೆಸರೆಂದರೆ ಸಿಟ್ಟು. ಹಾಗೆಂದು ಅವನೇನೂ ಸಾಚಾ ಅಲ್ಲ. ಅವನ ಹೋಮ್‌ಸ್ಟೇ ಈಗ ಮೂರಾಗಿವೆ, ಒಂದೇ ಹೆಸರು, ಹಿಂದೆ ಒಂದು, ಎರಡು, ಮೂರು. ಅದನ್ನು ಹೇಳಿದರೆ "ಅದು ಬಿಸ್ನೆಸ್ ಅಕ್ಕ" ಎನ್ನುತ್ತಾನೆ.

ಮತ್ತೆ ಮಂಜ? ಅವನು ಯಾರ ಕಡೆ ಎಂದು ಯಾರಿಗೂ ಗೊತ್ತಾಗಲಿಲ್ಲ. ಜಗಳ ತಣ್ಣಗಾಗುತ್ತಿದೆ ಎನ್ನುವಾಗ ಗೋಡೆಯ ಆಚೆಯಿಂದ ಅವನ ಸಣ್ಣ ದನಿ ಕೇಳುತ್ತಿತ್ತು. "ಆದ್ರೂ ನಜೀರ, ಆ ಕೋಲು ವಿಷಯ ಯೋಚ್ನೆ ಮಾಡ್ಬೇಕಾದ್ದೇ ಕಣೋ." ಮುಗಿಯಿತು, ಇನ್ನೊಂದು ಗಂಟೆ. ಪಾರ್ಲರ್ ಮುಚ್ಚಿ ಅದೇ ಕೋಣೆ ಮೊಬೈಲ್ ರಿಪೇರಿ ಅಂಗಡಿಯಾಯಿತು. ಬೋಪಣ್ಣನ ತಲೆಗೂದಲು ಹೋಯಿತು, ನಜೀರನಿಗೆ ಸಕ್ಕರೆ ಕಾಯಿಲೆ ಬಂತು. ಜಗಳಕ್ಕೆ ಮಾತ್ರ ವಯಸ್ಸಾಗಲಿಲ್ಲ.

ಒಂದು ಸಂಜೆ ಮಂಜ ಶಟರ್ ಎಳೆಯುವಾಗ ಎದೆ ಹಿಡಿದುಕೊಂಡು ಕೂತ. ನಜೀರನೇ ಕಾರಿನಲ್ಲಿ ಮಡಿಕೇರಿಗೆ ಕರೆದೊಯ್ದ. ದಾರಿಯಲ್ಲೇ ಮುಗಿಯಿತು. ಇದರ ಬಗ್ಗೆ ಇನ್ನೇನೂ ಬರೆಯುವುದಿಲ್ಲ.

ಸಮಾಧಾನ ಹೇಳಲು ಬಂದವರ ಬಗ್ಗೆ ಬರೆಯಬಹುದು. ಹೆಚ್ಚಿನವರು ಒಂದೇ ಮಾತು ಹೇಳಿದರು. "ಎಲ್ಲೂ ಹೋಗಿಲ್ಲ ಬಿಡಿ, ನಿಮ್ಮ ವಂಶದಲ್ಲೇ ಮತ್ತೆ ಹುಟ್ಟಿ ಬರ್ತಾನೆ." ಕಾಫಿ ಕುಡಿದು ಲೋಟ ಇಡುವಷ್ಟರಲ್ಲಿ ಎರಡನೇ ಭಾಗ ಬಿಡುಗಡೆ ಮಾಡಿಯೇ ಹೋಗುತ್ತಿದ್ದರು. ಆಮೇಲೆ ಚಿಕ್ಕಪ್ಪನ ಮಗಳಿಗೆ ಗಂಡು ಮಗುವಾಯಿತು. ಮಂಜುನಾಥ ಎಂದೇ ಹೆಸರಿಟ್ಟರು. ನಾಮಕರಣದಲ್ಲಿ ಒಬ್ಬೊಬ್ಬರಾಗಿ ನನ್ನನ್ನು ಎಳೆದೊಯ್ದು ತೊಟ್ಟಿಲು ತೋರಿಸಿದರು. "ಕಿವಿ ನೋಡೇ ಗೀತಾ, ಹಂಗೇ ಅಲ್ವಾ?" "ನಗೋದು ನೋಡು, ಅವನೇ!" ನಾನು ಬಗ್ಗಿ ನೋಡಿದೆ. ಪಾಪದ ಮಗು, ಯಾರ ಹಂಗೂ ಇಲ್ಲದೆ ತನ್ನ ಪಾಡಿಗೆ ತಾನು ಹುಟ್ಟಿತ್ತು. ಹೆಸರು ಅದೇ, ಆದರೆ ಕಂಪನಿ ಬೇರೆ. ಜೀವನದಲ್ಲಿ ಮೊದಲ ಸಲ ನಾನು ಬೋಪಣ್ಣನ ಕಡೆ ಆದೆ.

ಪಿತೃಪಕ್ಷ ಬಂತು, ತವರಿಗೆ ಹೋದೆ. ನಮ್ಮಲ್ಲಿ ಅದಕ್ಕೆ ಹಿರಿಯರ ಹಬ್ಬ ಎನ್ನುತ್ತಾರೆ. ಸತ್ತವರಿಗೆ ಎಡೆ ಇಡುವುದು. ಬಾಳೆ ಎಲೆಯ ಮೇಲೆ ಅವರವರಿಗೆ ಇಷ್ಟವಾದದ್ದೆಲ್ಲ ಬಡಿಸಿ, ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿ ಕೂರಬೇಕು. ಹಿರಿಯರು ಬಂದು ಉಂಡು ಹೋಗುವಷ್ಟು ಹೊತ್ತು ಬಿಟ್ಟು, ಬಾಗಿಲು ತಟ್ಟಿ ಒಳಗೆ ಹೋಗುವುದು. ತಾತನಿಗೆ ಬೀಡಿ, ಅಪ್ಪನಿಗೆ ಬ್ರಾಂದಿ ಇಡುವುದು ಮೊದಲಿನಿಂದ ಇದೆ. ವರ್ಷದ ಕಾರ್ಯ ಮುಗಿದಿದ್ದರಿಂದ ಈ ಸಲ ಮಂಜನೂ ಅವರ ಸಾಲಿಗೆ ಸೇರಿದ್ದ. ನನಗಿಂತ ಚಿಕ್ಕವನು ನನಗೆ ಹಿರಿಯನಾಗಿದ್ದ. ಅವನ ಫೋಟೋಗೆ ಕೈ ಮುಗಿಯಲು ಕೈ ಏಳಲಿಲ್ಲ, ತಲೆಗೆ ಮೊಟಕಬೇಕು ಅನ್ನಿಸಿತು.

ಅವ್ವನಿಗೆ ಒಂದೇ ಚಿಂತೆ. ಅವನು ಬಂದು ಉಣ್ಣಬೇಕು. ಮೊದಲನೇ ಸಲ ಎಡೆ ಹಿಡಿಸದೆ ಮುಟ್ಟದೆ ಹೋದರೆ ಮುಂದೆ ಬರುವುದೇ ಇಲ್ಲ ಎಂದು ಯಾರೋ ಅವಳಿಗೆ ಹೇಳಿದ್ದರು. ಹೇಳಿದವರು ಸಿಕ್ಕಿದ್ದರೆ ಎರಡು ಮಾತು ಆಡುತ್ತಿದ್ದೆ. ಒಂದು ವಾರದಿಂದ ಅವಳ ನಿದ್ದೆ ಹೋಗಿತ್ತು. ಕೋಳಿ ಸಾರು, ಕಡುಬು, ವಡೆ, ಕಜ್ಜಾಯ ಎಲ್ಲ ಮಾಡಿಸಿ, ಕೊನೆಗೆ ನನ್ನ ಕೈ ಹಿಡಿದು, "ಆ ಆಟದ ಡಬ್ಬೀನೂ ಇಡು ಕಣೇ. ಅವನಿಗೆ ಅದೇ ತಾನೆ ಪ್ರಾಣ" ಎಂದಳು.

ನಮ್ಮ ಚಿಕ್ಕಪ್ಪ ಪುಟ್ಟರಾಜು ಮನೆಗೆ ಈಗ ಯಜಮಾನರು. ಅವರು ಎಲೆ ಹಾಕುತ್ತಿದ್ದವರು ತಲೆ ಎತ್ತಿದರು. "ಎಡೆಗೆ ವಿಡಿಯೋ ಗೇಮಾ? ಸರಿ ಹೋಯ್ತು. ನಿಮ್ಮ ತಾತ ಬಂದು ಅದನ್ನ ಹೋಳಿಗೆ ಅನ್ಕೊಂಡು ಕಡಿದ್ರೆ ಹಲ್ಲಿಗೆ ಯಾರ್ ಜವಾಬ್ದಾರಿ?"

"ನಿಮ್ಮಪ್ಪನಿಗೆ ಬದುಕಿದ್ದಾಗಲೇ ಹಲ್ಲಿರ್ಲಿಲ್ಲ. ಸುಮ್ನೆ ಎಲೆ ಹಾಕಪ್ಪ ನೀನು" ಎಂದಳು ಅವ್ವ.

ಅಷ್ಟರಲ್ಲಿ ನಜೀರನೂ ಬೋಪಣ್ಣನೂ ಬಂದರು. ಅವ್ವ ಇಬ್ಬರಿಗೂ ಹೇಳಿಕಳಿಸಿದ್ದಳು. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಡಬ್ಬಿ. ಇವತ್ತು ಎಡೆಯ ಮುಂದೆಯೇ ಹೊಡೆದಾಟ ಎಂದುಕೊಂಡೆ. ನಜೀರ್ ಮುಂದೆ ಬಂದು ತಲೆ ತಗ್ಗಿಸಿ ನಿಂತ.

"ಗೀತಕ್ಕ, ಬೋಪಣ್ಣಂದೇ ಇಡಿ."

"ಏನಂದೆ?"

"ಮಂಜ ನನ್ನ ಹತ್ರ ಯಾವಾಗ್ಲೂ ಹೇಳ್ತಿದ್ದ, ಮುದುಕ, ನಾಯಿ, ಅದೇ ನಿಜವಾದ ಎರಡನೇ ಭಾಗ ಅಂತ. ನಾನೇ ಒಪ್ಪಲಿಲ್ಲ. ಇವತ್ತಾದ್ರೂ ಅವನ ಮಾತು ನಡೀಲಿ."

ಬೋಪಣ್ಣನ ಮುಖ ಬಿಳುಚಿಕೊಂಡಿತು. "ಎಂತ ಹೇಳ್ತಿದ್ದೀ ನೀನು? ನನ್ನ ಹತ್ರ ನಿಂದೇ ಸರಿ ಅಂತಿದ್ದ! ಹೆಸರು ಇಲ್ಲದ ಮೇಲೆ ವಾರಸುದಾರ ಹೇಗಾಗ್ತಾನೆ ಬೋಪಣ್ಣ ಅಂತ ಎಷ್ಟು ಸಲ ಹೇಳಿದ್ದಾನೆ. ನಾನು ಅದಕ್ಕೇ ನಿಂದು ಇಡ್ಲಿ ಅಂತ ಹೇಳ್ಲಿಕ್ಕೆ ಬಂದದ್ದು."

ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ನಿಂತರು. ಇಪ್ಪತ್ತು ವರ್ಷ ತಮ್ಮನ್ನು ಕುಣಿಸಿದವನು ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ನಗುತ್ತಿದ್ದ. ನಗಬೇಕೋ ಅಳಬೇಕೋ ತಿಳಿಯದೆ ಇಬ್ಬರೂ ಎರಡನ್ನೂ ಬಿಟ್ಟು ಹೊಸದೊಂದು ಜಗಳ ತೆಗೆದರು.

"ನಿಂದೇ ಇಡು."

"ಬೇಡ, ನಿಂದು."

"ನಾನು ಸೋತೆ ಅಂತಿದ್ದೇನಲ್ಲ ಮಾರಾಯ."

"ನಿನಗಿಂತ ಮುಂಚೆ ಸೋತದ್ದು ನಾನು."

ಧೂಪದ ಕೆಂಡ ಬೂದಿ ಹಿಡಿಯುತ್ತಿತ್ತು. ಚಿಕ್ಕಪ್ಪ ಗೊಣಗಿದರು. ನಾನು ಚೀಲದಿಂದ ಮೊದಲನೇ ಭಾಗವನ್ನು ತೆಗೆದು ಮಂಜನ ಎಲೆಯ ತುದಿಗೆ, ವಡೆಯ ಪಕ್ಕದಲ್ಲಿ ಇಟ್ಟೆ. ಅದರ ಬಗ್ಗೆ ಯಾರದೂ ತಕರಾರಿರಲಿಲ್ಲ. ಇಬ್ಬರೂ ತಲೆಯಾಡಿಸಿದರು. ಎಲ್ಲರೂ ಧೂಪ ಹಾಕಿ ಹೊರಗೆ ಬಂದೆವು. ಚಿಕ್ಕಪ್ಪ ಬಾಗಿಲು ಮುಚ್ಚಿದರು.

ಜಗುಲಿಯ ಮೇಲೆ ಕೂತೆವು. ಬೋಪಣ್ಣ ಮೆಲ್ಲಗೆ, "ನಮ್ಮಲ್ಲೂ ಹಿರಿಯರಿಗೆ, ಕಾರಣವರಿಗೆ, ಮೀದಿ ಅಂತ ಎಡೆ ಇಡೋವಾಗ ಹೀಗೇ, ಮನಸ್ಸು ಒಂಥರಾ ಆಗ್ತದೆ" ಎಂದ. ನ್ಯಾಯ ಬಗೆಹರಿದಿತ್ತು, ಎಲ್ಲರಿಗೂ ಗೌರವ ಉಳಿದಿತ್ತು, ನಾನೇ ಬುದ್ಧಿವಂತಿಕೆ ಮಾಡಿದ್ದೆ. ನಜೀರ್ ನೆಲ ನೋಡುತ್ತಾ ಕೂತಿದ್ದ. ಬೋಪಣ್ಣ ಅವನ ಹೆಗಲ ಮೇಲೆ ಕೈ ಹಾಕಿದ. ಅಂಥ ಮೌನ ಆ ಇಬ್ಬರ ನಡುವೆ ನಾನು ಯಾವತ್ತೂ ನೋಡಿರಲಿಲ್ಲ. ಸತ್ತ ಮನೆ ಎಂದರೆ ಏನೆಂದು ನನಗೆ ಅರ್ಥವಾದದ್ದು ಅವತ್ತು.

ಅವ್ವ ಬಾಗಿಲಿಗೆ ಕಿವಿಗೊಟ್ಟು ಕೂತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ತಿರುಗಿ ನೋಡಿದಳು.

"ಯಾಕ್ರಪ್ಪಾ ಇಬ್ರೂ ಸುಮ್ನೆ ಕೂತ್ರಿ?"

"ರಾಜಿ ಆಯ್ತು ಅವ್ವ" ಎಂದ ನಜೀರ್.

"ರಾಜಿ ಆದ್ರೆ ಅವನು ಹೆಂಗೆ ಉಣ್ತಾನೆ?"

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಭಾನುವಾರ ಮೂವರೂ ಇಲ್ಲಿ ಊಟಕ್ಕೆ ಬಂದಾಗ ನೋಡಿಲ್ವಾ ನಾನು? ಏನೋ ಒಂದು ಕಡ್ಡಿ ಹಾಕೋನು. ನೀವಿಬ್ರೂ ತಟ್ಟೆ ಬಿಟ್ಟು ಎದ್ದು ಕಿತ್ತಾಡೋರು. ಅವನು ನಿಮ್ಮ ತಟ್ಟೇಲಿರೋ ಕಡುಬೂ ತಿನ್ನೋನು. ಹೊಟ್ಟೆ ತುಂಬ ಉಣ್ತಿದ್ದದ್ದೇ ಆಗ. ಬಾಕಿ ದಿನ ಬರೀ ಕೋಳಿ ಕೆದಕ್ದಂಗೆ. ಈಗ ಒಳಗೆ ಎಲೆ ಮುಂದೆ ಕೂತು ಕಾಯ್ತಿರ್ತಾನೆ. ಜಗಳ ಆಡ್ರಪ್ಪ."

"ಹೆಸರು..." ಎಂದು ನಜೀರ್ ಶುರು ಮಾಡಿದ. "ಹೌದು, ಹೆಸರೂ ಬೇಕು" ಎಂದು ಬೋಪಣ್ಣ ಒಪ್ಪಿಬಿಟ್ಟ. ಅಷ್ಟು ವರ್ಷ ಕಿರುಚಾಡಿದವರಿಗೆ ಈಗ ಬೇಕೆಂದರೂ ಜಗಳ ಹತ್ತಲಿಲ್ಲ. ಅವ್ವನ ಕಣ್ಣು ಬಾಗಿಲ ಮೇಲೆ.

ಗೋಡೆಯ ಈಚೆ ಕೂತು ಯಂತ್ರ ತುಳಿದವಳು ನಾನು. ಆ ಜಗಳದಲ್ಲಿ ಒಂದು ಮಾತನ್ನೂ ಯಾವತ್ತೂ ಆಡಿದವಳಲ್ಲ.

"ಅಲ್ಲಾ ಬೋಪಣ್ಣ," ಎಂದೆ, ಸಣ್ಣ ದನಿಯಲ್ಲಿ. "ನಿಮ್ಮ ಆಟದಲ್ಲಿರೋದು ಆ ನಾಯಿ ಅಲ್ಲವೇ ಅಲ್ಲ. ಮೊದಲನೇದರ ನಾಯಿಗೆ ಬಾಲ ನೆಟ್ಟಗಿತ್ತು. ಇದಕ್ಕೆ ಸುರುಳಿ. ಎಲ್ಲೋ ಬೀದಿ ನಾಯಿ ಹಿಡ್ಕೊಂಡು ಬಂದು ಕೂರಿಸಿದಾರೆ."

ಬೋಪಣ್ಣ ನನ್ನನ್ನು ನೋಡಿದ. ಅವನ ಮುಖ ಬೋಳು ತಲೆಯವರೆಗೂ ಕೆಂಪೇರಿತು. "ಎಂತ ಹೇಳಿದ್ರಿ ಅಕ್ಕ? ಬೀದಿ ನಾಯಿಯಾ? ಮುದಿಯಾದ ಮೇಲೆ ಬಾಲ ಸುರುಳಿ ಆಗೋದಿಲ್ವಾ?"

ನಜೀರ್ ತೊಡೆ ತಟ್ಟಿಕೊಂಡು ನಕ್ಕ. "ಹೋಯ್ತು! ನಾಯೀನೇ ಡೂಪ್ಲಿಕೇಟ್!"

"ನೀನ್ಯಾಕೆ ನಗ್ತೀಯಾ ನಜೀರ?" ಎಂದೆ. "ಇವರದು ಬೀದಿ ನಾಯಿಯಾದ್ರೂ ಇದೆ. ನಿಂದು ಈಟಿ ಗೇಮೋ, ಎಲ್‌ಐಸಿ ಏಜೆಂಟ್ ಗೇಮೋ? ಕೋಟು ಹಾಕ್ಕೊಂಡು ಮನೆ ಮನೆಗೆ ಓಡ್ತಾನೆ."

"ಏನಂದ್ರಿ? ಅಚ್ಚಾಗಿರೋ ನಂಬರ್ ಇದೆ ಅದಕ್ಕೆ!"

"ನಂಬರ್ ಬಸ್ಸಿಗೂ ಇರ್ತದೆ ಮಾರಾಯ!" ಎಂದು ಬೋಪಣ್ಣ ಎದ್ದು ನಿಂತ. ನಜೀರನೂ ಎದ್ದ. ಪಕ್ಕದ ಮನೆಯವರು ಬೇಲಿಯ ಹತ್ತಿರ ಬಂದು ನಿಂತರು. ಬಾಲ, ಕೋಲು, ಕಂಪನಿ, ಓನರ್, ಟ್ರಾನ್ಸ್‌ಫರ್, ಎಲ್ಲ ಒಂದರ ಮೇಲೊಂದು ಬಿದ್ದು ಜಗುಲಿ ಅದುರಿತು. ನಡುವೆ ತಣ್ಣಗಾದಾಗ ನಾನು ಇನ್ನೊಂದು ಮಾತು ಹಾಕಿದೆ.

ಚಿಕ್ಕಪ್ಪ ಆಕಾಶ ನೋಡಿ, "ಹೊತ್ತಾಯ್ತು, ಬಾಗಿಲು ತಟ್ಲಾ ಅತ್ತಿಗೆ?" ಎಂದು ಕೇಳಿದರು.

ಅವ್ವ ಬಾಗಿಲಿಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತಿದ್ದಳು. ಕೈ ಅಡ್ಡ ಹಿಡಿದಳು.

"ತಾಳಪ್ಪ. ಇನ್ನೂ ಉಣ್ತಾ ಅವ್ನೆ."